ಖಾಲಿ ಕೋಣೆಯಲ್ಲಿ ಮಕ್ಕಳ ಸ್ಪಂದನೆ

ಆ ತರಬೇತಿಯನ್ನು ಎಡಗೈಯಲ್ಲಿ ಮುಗಿಸಿಬಿಡುತ್ತೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಎಡಗೈಯಲ್ಲೇ ಮುಗಿಸುತ್ತಿದ್ದೆ. ಬಲಗೈ ಮುದ್ದೆ ತಿರುವುತ್ತಿತ್ತು, ಎಡಗೈ ಮೊಬೈಲಿನಲ್ಲಿ 'ಮುಂದೆ' ಎಂಬುದನ್ನು ಒತ್ತುತ್ತಿತ್ತು. ಒಲೆಯ ಪಕ್ಕ ಮೊಬೈಲಿನೊಳಗಿಂದ ಯಾರೋ ಮಹನೀಯರು ಶಿಕ್ಷಣದ ಭವಿಷ್ಯದ ಬಗ್ಗೆ ಮಾತಾಡುತ್ತಿದ್ದರು. ನಾನು ಕುಕ್ಕರಿನ ಕೂಗು ಎಣಿಸುತ್ತಿದ್ದೆ.

ವೃತ್ತಿ ಬೆಳವಣಿಗೆಯ ಆ ತರಬೇತಿ ಪೂರ್ತಿ ಮಾಡಿದ ಶಿಕ್ಷಕರಿಗೆ ಒಂದು ವಿಶೇಷ ವೇತನ ಬಡ್ತಿ. ಬಡ್ತಿಯ ಆಸೆಗಿಂತ ದೊಡ್ಡ ಸಂಕಟ ನನಗೆ ಸುಜಾತಾ. ಹೊನ್ನೂರಿನ ಹುಡುಗಿ, ನನಗಿಂತ ಎಷ್ಟೋ ತಡವಾಗಿ ಕೆಲಸಕ್ಕೆ ಸೇರಿದವಳು, ತರಬೇತಿ ಮುಗಿಸಿ ಸಂಬಳದಲ್ಲಿ ನನ್ನನ್ನು ದಾಟಿ ಹೋಗಿದ್ದಳು. ಕೊಳ್ಳೇಗಾಲದ ಸಭೆಯಲ್ಲಿ ಎಲ್ಲರೆದುರು, "ಅಕ್ಕ, ನಿಮ್ದು ಇನ್ನೂ ಆಗ್ಲಿಲ್ವಾ?" ಎಂದು ಕೇಳಿದಳು. ಅವಳ ದನಿಯಲ್ಲಿ ನಿಜವಾದ ಕನಿಕರ ಇತ್ತು. ಅದೇ ನನಗೆ ತಡೆಯಲಾಗಲಿಲ್ಲ!

ಪಾಠಗಳೆಲ್ಲ ಮುಗಿದವು. ಕೊನೆಗೆ ಉಳಿದದ್ದು ಒಂದೇ. ನನ್ನ ತರಗತಿಯ ಒಂದು ವಿಡಿಯೋ ಮಾಡಿ ಕಳಿಸಬೇಕು, ಅದರಲ್ಲಿ 'ಮಕ್ಕಳ ಸ್ಪಂದನೆ' ಸ್ಪಷ್ಟವಾಗಿ ಕೇಳಬೇಕು.

ನಾನು ಕೆಲಸ ಮಾಡುವುದು ಹೂಗ್ಯಂ ಕಡೆ, ಕಾಡಿನ ಅಂಚಿನ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಮೊದಲ ಸಲ ಮಕ್ಕಳನ್ನು ಕೂರಿಸಿಕೊಂಡೇ ವಿಡಿಯೋ ಮಾಡಿದೆ. ಪಾಠದ ಮಧ್ಯೆ ಒಬ್ಬ ಮೂಗಿನಲ್ಲಿ ಬೆರಳಿಟ್ಟು ಕ್ಯಾಮೆರಾವನ್ನೇ ನೋಡುತ್ತ ಕುಳಿತ. ಇನ್ನೊಬ್ಬಳು, "ಮಿಸ್, ನಿಮ್ ಸೀರೆ ಇಂದ್ಗಡೆ ಸುಣ್ಣ ಅಂಟ್ಕಂಡದೆ" ಎಂದಳು. ಸ್ಪಂದನೆ ಏನೋ ಸ್ಪಷ್ಟವಾಗಿತ್ತು, ಕಳಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ದಸರಾ ರಜೆ ಬಂತು, ವಿಡಿಯೋ ಕಳಿಸುವ ಕೊನೆಯ ದಿನವೂ ಹತ್ತಿರ ಬಂತು.

ಉಪಾಯ ಹೇಳಿದವರು ನನ್ನ ಯಜಮಾನರು. ಹೆಸರು ಮಾದೇವಸ್ವಾಮಿ, ಹನೂರಿನಲ್ಲಿ ಗೊಬ್ಬರದ ಅಂಗಡಿ.

"ಮಕ್ಳು ಯಾಕಮ್ಮಿ ಬೇಕು? ಕ್ಯಾಮೆರಾ ನಿನ್ ಕಡೀಕೆ ಇರ್ತದೆ. ನೀನು ಪ್ರಶ್ನೆ ಕೇಳು, ಕೇಳ್ಬುಟ್ಟು ಒಸಿ ಸುಮ್ಕಿರು. ಆ ಜಾಗಕ್ಕೆ ಮಕ್ಳ ದನೀನ ಮೊಬೈಲ್ ಅಂಗಡಿ ಹುಡುಗ ಆಮೇಲೆ ಸೇರುಸ್ಕೊಡ್ತಾನೆ."

"ಇದು ಮೋಸ ಅಲ್ವೇನ್ರಿ?"

"ಮೋಸ ಎಂಗಾಯ್ತದೆ? ಮಕ್ಳು ರಜೇಲವ್ರೆ, ಅಷ್ಟೆ."

ಇಷ್ಟು ಸಮಂಜಸವಾದ ವಾದವನ್ನು ನಾನು ತರಬೇತಿಯಲ್ಲೂ ಕೇಳಿರಲಿಲ್ಲ!

ಭಾನುವಾರ ಮಧ್ಯಾಹ್ನ ಸ್ಕೂಟರಿನಲ್ಲಿ ನನ್ನನ್ನು ಶಾಲೆಯ ಮುಂದೆ ಇಳಿಸಿ, ಊರೊಳಗೆ ಯಾರನ್ನೋ ನೋಡಿ ಬರುತ್ತೇನೆಂದು ಅವರು ಹೋದರು. ಮಕ್ಕಳಿಲ್ಲದ ಶಾಲೆ ಬೇರೆಯೇ ಒಂದು ಕಟ್ಟಡ. ಬೀಗ ತೆಗೆದ ಸದ್ದಿಗೆ ನಾನೇ ಬೆಚ್ಚಿದೆ. ನನ್ನ ಕೋಣೆಯ ಹಿಂದಿನ ಕಿಟಕಿ ಕೋತಿಗಳ ಕಾಟಕ್ಕೆ ಯಾವಾಗಲೂ ಮುಚ್ಚಿಯೇ ಇರುತ್ತದೆ. ಅದರಾಚೆ ಒಂದು ಹುಣಸೆ ಮರ, ಮರದಾಚೆ ಆನೆ ಕಂದಕ, ಕಂದಕದಾಚೆ ಕಾಡು. ಒಳಗೆ ಅರೆಗತ್ತಲು. ಖಾಲಿ ಡೆಸ್ಕುಗಳೆಲ್ಲ ನನ್ನ ಕಡೆಗೇ ತಿರುಗಿದ್ದವು.

ಮಾತು ಮರೆತುಹೋಗಬಾರದೆಂದು ಇಡೀ ಪಾಠವನ್ನು ಮೊದಲೇ ಯಜಮಾನರ ಮೊಬೈಲಿನಲ್ಲಿ ನನ್ನದೇ ದನಿಯಲ್ಲಿ ತುಂಬಿಸಿಕೊಂಡಿದ್ದೆ. ಅದರ ಇಯರ್‌ಫೋನನ್ನು ಎರಡು ಕಿವಿಗೂ ಸಿಕ್ಕಿಸಿಕೊಂಡು, ನನ್ನ ಮೊಬೈಲನ್ನು ಎದುರಿನ ಬೆಂಚಿನ ಮೇಲಿಟ್ಟು ಭಿನ್ನರಾಶಿ ಶುರು ಮಾಡಿದೆ. ಕಿವಿಯೊಳಗೆ ನಾನು ಹೇಳುತ್ತಿದ್ದೆ, ಹೊರಗೆ ನಾನು ಹೇಳುತ್ತಿದ್ದೆ, ಬೇರೇನೂ ಕೇಳುತ್ತಿರಲಿಲ್ಲ. ಪ್ರಶ್ನೆ ಕೇಳಿದಾಗಲೆಲ್ಲ ನಿಂತು, ಖಾಲಿ ಡೆಸ್ಕುಗಳಿಗೆ ನಕ್ಕು, "ಶಭಾಷ್" ಎಂದು ಮುಂದುವರಿದೆ. ಇಷ್ಟು ಸೊಗಸಾದ ಪಾಠ ನಾನು ಯಾವತ್ತೂ ಮಾಡಿರಲಿಲ್ಲ. ಮಕ್ಕಳಿಲ್ಲದಿದ್ದರೆ ಶಿಕ್ಷಣ ಎಷ್ಟು ಮುಂದುವರಿಯಬಹುದು!

ಪಾಠ ಮುಗಿಸಿ ಕಿವಿಯಿಂದ ತಂತಿ ಕಿತ್ತಾಗ ಕೋಣೆಯಲ್ಲಿ ಬೀಡಿಯ ವಾಸನೆ ತೆಳ್ಳಗೆ ಹರಡಿತ್ತು. ನಾನೊಬ್ಬಳೇ ಇದ್ದೆ. ಬೇಗ ಬೇಗ ಬೀಗ ಹಾಕಿ ರಸ್ತೆಗೆ ಬಂದು ನಿಂತೆ.

ಸಂಜೆ ಊಟಕ್ಕೆ ಕೂತಾಗ ವಿಡಿಯೋ ಹಾಕಿದೆವು. ಮೊಬೈಲಿನೊಳಗಿನ ನಾನು ಹೇಳಿದೆ: "ಛೇದಗಳನ್ನು ಮೊದಲು ಸಮ ಮಾಡಿಕೊಳ್ಳಬೇಕು. ಅರ್ಥ ಆಯ್ತಾ ಮಕ್ಕಳೇ?"

"ಆ...ಯ್ತು ಮಿ...ಸ್."

ಯಜಮಾನರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನೊಳಕ್ಕೆ ಜಾರಿತು.

"ಯಾರಮ್ಮಿ ಅದು?"

"ಯಾರೂ ಇರ್ಲಿಲ್ಲ ಕಣ್ರಿ."

ಹಿಂದಕ್ಕೆ ಎಳೆದು ಮತ್ತೆ ಹಾಕಿದೆವು. ಮತ್ತೆ ಅದೇ. ದೂರದಿಂದ, ಮಣ್ಣಿನ ಕೆಳಗಿನಿಂದ ಬಂದಂಥ ದನಿ. ಒಂದಲ್ಲ, ಕೆಲವು. ರಾಗ ಮಕ್ಕಳದೇ, ಪ್ರತಿದಿನ ನಾನು ಕೇಳುವ ಅದೇ ಎಳೆತ. ಆದರೆ ಗಂಟಲು ಮಕ್ಕಳದಲ್ಲ. ಒರಟು, ದಪ್ಪ, ಬಲಿತ ಗಂಟಲು.

ಇನ್ನೂ ವಿಚಿತ್ರವೆಂದರೆ, "ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿದರೆ ಎಷ್ಟು?" ಎಂದಾಗ ಆ ಕಡೆ ಮೌನ. "ಅರ್ಥ ಆಯ್ತಾ?" ಎಂದಾಗ ಮಾತ್ರ "ಆಯ್ತು ಮಿಸ್". ಪ್ರತಿ ಸಲವೂ. ಒಂದು ಸಲವೂ ತಪ್ಪದೆ. ಉತ್ತರ ಬಾರದ ಪ್ರಶ್ನೆಗೂ ಮೊಬೈಲಿನೊಳಗಿನ ನಾನು ನಗುತ್ತ "ಶಭಾಷ್" ಎನ್ನುತ್ತಿದ್ದೆ. ಈ ಹೆಂಗಸನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು!

"ಈಗ ಏನ್ರಿ ಮಾಡೋದು?" ಎಂದೆ.

ಯಜಮಾನರು ಬಾಗಿಲ ಚಿಲಕ ಹಾಕಿ ಬಂದು, ಸ್ವಲ್ಪ ಯೋಚಿಸಿ ಹೇಳಿದರು. "ಕಳ್ಸ್‌ಬುಡು. ಮಕ್ಳ ಸ್ಪಂದನೆ ಬೇಕು ಅಂದಿದ್ರು, ಸಿಕ್ತಲ್ಲ. ಮೊಬೈಲ್ ಅಂಗಡಿ ಖರ್ಚೂ ಉಳೀತು."

ಸುಜಾತಾಳ ಕನಿಕರ ಕಣ್ಮುಂದೆ ಬಂತು. ಕಳಿಸಿಬಿಟ್ಟೆ.

ರಜೆ ಮುಗಿದು ಶಾಲೆ ತೆರೆಯಿತು. ಅದೇ ಕೋಣೆ, ಜೀವಂತ ಮಕ್ಕಳು, ಬಿಸಿಲು. ಅರ್ಧ ಧೈರ್ಯ ಬಂತು. ಮಧ್ಯಾಹ್ನದ ಗಣಿತ ಮುಗಿಸಿ "ಅರ್ಥ ಆಯ್ತಾ?" ಎಂದೆ. "ಆ...ಯ್ತು ಮಿ...ಸ್" ಎಂದು ಮಕ್ಕಳು ಕೂಗಿದರು. ಅವರು ಬಾಯಿ ಮುಚ್ಚಿದರು. ಆದರೆ ಆ ರಾಗದ ಕೊನೆ ಮಾತ್ರ ಕೋಣೆಯಲ್ಲಿ ಇನ್ನೂ ಎಳೆಯುತ್ತಿತ್ತು. ದಪ್ಪ ದನಿಯಲ್ಲಿ. ಮಕ್ಕಳ ದನಿಯ ಅಡಿಯಲ್ಲಿ ಇನ್ನೊಂದು ತರಗತಿ ಕುಳಿತಿತ್ತು.

ಇಷ್ಟು ವರ್ಷವೂ ಅದು ಅಲ್ಲಿ ಇತ್ತೇ? ಇಷ್ಟು ವರ್ಷವೂ ನಾನು ಯಾರಿಗೆ ಪಾಠ ಮಾಡುತ್ತಿದ್ದೆ?

ತಡೆಯಲಾರದೆ ಬಿಸಿಯೂಟ ಮಾಡುವ ಪುಟ್ಟಮ್ಮನಿಗೆ ಹೇಳಿದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಪುಟ್ಟಮ್ಮ ಸೌಟು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಅಯ್ಯೋ ಸಿವ್ನೇ! ಅದುಕ್ಕೇ ಕಣ್ ಮಿಸ್ಸೇ, ದಿನಾ ಮಧ್ಯಾನ ಆ ಗ್ವಾಡೆ ಇಂದ್ಗಡೆ ಯಾರೋ ಕೆಮ್ಮುದಂಗೆ ಆಯ್ತದೆ. ನಾನು ತಿರುಗ್ ನೋಡಕ್ಕಿಲ್ಲ. ಮಾದಪ್ಪ ಅಂತೀನಿ, ಅನ್ನ ಬಸೀತೀನಿ."

ಅವಳು ಬಾಗಿಲಿಗೆ ನಿಂಬೆಹಣ್ಣು ಕಟ್ಟಿ ಕರ್ಪೂರ ಹಚ್ಚಿದಳು. ವೈಜ್ಞಾನಿಕ ಮನೋಭಾವದ ಬಗ್ಗೆ ಪ್ರತಿ ವರ್ಷ ಭಾಷಣ ಮಾಡುವ ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆ. ಸಂಜೆಯೊಳಗೆ ಸುದ್ದಿ ಊರಿಗೆಲ್ಲ ಗೊತ್ತಾಯಿತು. ಮಾರನೆಯ ದಿನದಿಂದ ನಾನು ಪಾಠವನ್ನು ಜಗಲಿಗೆ ಸಾಗಿಸಿದೆ. ಆದರೂ ಮಕ್ಕಳು ಒಬ್ಬೊಬ್ಬರಾಗಿ ಬರುವುದು ನಿಂತಿತು. ಜೀವ ಇರುವವರು ಗೈರುಹಾಜರು, ಇಲ್ಲದವರು ರಜೆಯಲ್ಲೂ ಹಾಜರು!

ಆಗ ಬಂತು ಮೊಬೈಲಿಗೆ ತರಬೇತಿಯವರ ಸಂದೇಶ. 'ನಿಮ್ಮ ವಿಡಿಯೋದಲ್ಲಿ ಮಕ್ಕಳ ಸ್ಪಂದನೆ ಅತ್ಯಂತ ಸಹಜವಾಗಿದೆ. ಅದೇ ತರಗತಿಯನ್ನು ಖುದ್ದಾಗಿ ನೋಡಿ ಬಡ್ತಿಗೆ ಶಿಫಾರಸು ಮಾಡಲಾಗುವುದು.'

ಯಜಮಾನರಿಗೆ ತೋರಿಸಿದೆ. "ಓದ್ದೋರ್ಗೂ ದೆವ್ವ ಅಂತ ಗೊತ್ತಾಗ್ಲಿಲ್ವಲ್ಲ!" ಎಂದು ಸಂತೋಷಪಟ್ಟರು. ನನಗೆ ಜ್ವರ ಬಂತು. ಬಡ್ತಿ ಬೇಕೆಂದರೆ ಆ ಕೋಣೆಯೊಳಗೆ ನಿಂತು, ಆ 'ಅರ್ಥ ಆಯ್ತಾ' ಎಂಬ ಪ್ರಶ್ನೆಯನ್ನು ನಾನೇ ಬಾಯಿಬಿಟ್ಟು ಕೇಳಬೇಕು. ಉತ್ತರ ಬರದಿದ್ದರೆ ಬಡ್ತಿ ಹೋಗುತ್ತದೆ. ಬಂದರೆ ನಾನೇ ಹೋಗುತ್ತೇನೆ.

ಆ ದಿನ ಮೋಡ ಕವಿದು, ಮಧ್ಯಾಹ್ನವೇ ಸಂಜೆಯಾದಂತಿತ್ತು. ಕೊಳ್ಳೇಗಾಲದಿಂದ ತರಬೇತಿಯ ಮೇಡಂ ಬಂದರು. ಕನ್ನಡಕ, ಖಾದಿ ಸೀರೆ, ಮೆಲುದನಿ. ಜಗಲಿಯಲ್ಲೇ ಪಾಠ ತೋರಿಸುತ್ತೇನೆ ಎಂದೆ. "ಇಲ್ಲ, ವಿಡಿಯೋದಲ್ಲಿದ್ದ ಕೋಣೆಯಲ್ಲೇ ಆಗಲಿ," ಎಂದು ಅವರೇ ಮುಂದೆ ನಡೆದರು. ಮನೆಮನೆಗೆ ಹೋಗಿ ಬೇಡಿಕೊಂಡು ಕರೆತಂದಿದ್ದ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಳಿತರು.

ಭಿನ್ನರಾಶಿ ಹೇಳಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಛೇದ ಸಮ ಮಾಡಿದೆ, ಅಂಶ ಕೂಡಿದೆ. ಆ ಪ್ರಶ್ನೆ ಕೇಳದೆ ಮುಗಿಸಿಬಿಡೋಣವೆಂದು ಸೀಮೆಸುಣ್ಣ ಕೆಳಗಿಟ್ಟೆ.

"ಮಕ್ಕಳಿಗೆ ತಿಳಿಯಿತೇ ಎಂದು ಕೇಳುವುದಿಲ್ಲವೇ?" ಎಂದರು ಮೇಡಂ.

ಹಣೆಯ ಬೆವರು ಒರೆಸಿಕೊಂಡೆ. "ಅರ್ಥ... ಆಯ್ತಾ?"

ಮಕ್ಕಳು ತುಟಿ ಬಿಚ್ಚಲಿಲ್ಲ.

"ಆ...ಯ್ತು ಮಿ...ಸ್."

ಮಕ್ಕಳೆಲ್ಲ ಕಿರುಚಿ ಡೆಸ್ಕಿನ ಕೆಳಗೆ ಸೇರಿದರು. ನಾನೂ ಸೇರುತ್ತಿದ್ದೆ, ಜಾಗ ಇರಲಿಲ್ಲ! ಮೇಡಂ ಮಾತ್ರ ನೇರ ಹಿಂದಿನ ಗೋಡೆಗೆ ಹೋಗಿ, ಕಿಟಕಿಯ ಚಿಲಕ ಗುದ್ದಿ ತೆಗೆದರು.

ಕಿಟಕಿಯಾಚೆ ಮೂವರು ನಿಂತಿದ್ದರು. ಬೂದುಬಣ್ಣದ ಬೆಳಕು, ದಪ್ಪ ಮೀಸೆ, ಕೈಕಟ್ಟಿಕೊಂಡು ನೆಟ್ಟಗೆ. ಒಬ್ಬನ ಕಂಕುಳಿನಿಂದ ಇಸ್ಪೀಟು ಎಲೆ ಜಾರಿ ಬಿತ್ತು.

ನನಗೆ ಉಸಿರು ಬಂತು. ಸಿದ್ದರಾಜು, ಚಿಕ್ಕಮಾದ, ಮುರುಗೇಶ. ಮೂವರೂ ನನ್ನ ಹಳೆಯ ವಿದ್ಯಾರ್ಥಿಗಳು. ಆಗ ಕೊನೆಯ ಬೆಂಚು, ಈಗ ಅದರಿಂದ ಒಂದು ಗೋಡೆ ಹಿಂದೆ.

"ಏನ್ರೋ ಮಾಡ್ತಿದ್ದೀರಿ ಇಲ್ಲಿ?" ಎಂದೆ.

"ದಿನಾ ಮಧ್ಯಾನ ಇಲ್ಲೇ ಕುಂತ್ಕತೀವಿ ಮಿಸ್," ಎಂದ ಸಿದ್ದರಾಜು. "ಸ್ಕೂಲ್ ಇಂದ್ಗಡೆ ಇಸ್ಪೀಟ್ ಆಡ್ತಾರೆ ಅಂತ ಯಾರ್ ಮನೇರೂ ಅನ್ಕಳಕ್ಕಿಲ್ಲ. ಮನೇಲಿ ಯೋಳ್‌ಬ್ಯಾಡಿ ಮಿಸ್."

"ಮತ್ತೆ ರಜೆಯಲ್ಲಿ ಆ ಭಾನುವಾರ ನಾನು ಪಾಠ ಮಾಡುವಾಗ ಉತ್ತರ ಕೊಟ್ಟಿದ್ದು ನೀವಾ?"

ಮೂವರೂ ಮುಖ ಮುಖ ನೋಡಿಕೊಂಡರು. "ನಾವು ಮಾತಾಡ್ನೇ ಇಲ್ವಲ್ಲ ಮಿಸ್! ದೆವ್ವ ಮಾತಾಡ್ತದೆ ಅಂತ ನಂಗೂ ಬಯವಾಗಿ ದಾರ ಕಟ್ಟುಸ್ಕೊ ಬಂದಿವ್ನಿ, ನೋಡಿ," ಎಂದು ಚಿಕ್ಕಮಾದ ಮುಂಗೈ ತೋರಿಸಿದ. ಸುಳ್ಳು ಹೇಳುತ್ತಿರಲಿಲ್ಲ. ಹಳೆಯ ರೂಢಿಯಲ್ಲಿ ಅವರ ಬಾಯಿ ತಾನಾಗಿ ಉತ್ತರ ಕೊಡುತ್ತದೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಮೇಡಂ ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು. "ಅರ್ಥ ಆಯಿತು ಎಂದಿರಲ್ಲ. ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿದರೆ ಎಷ್ಟು?"

"ಏಳನೇ ಎರಡು!" ಎಂದರು ಮೂವರೂ ಸಂಭ್ರಮದಿಂದ.

ಡೆಸ್ಕಿನ ಕೆಳಗಿನಿಂದ ಮಕ್ಕಳೂ ತಲೆ ಹೊರಹಾಕಿ, ಹೌದೆಂದು ತಲೆಯಾಡಿಸಿದರು.

"ಉತ್ತರ ತಪ್ಪು. ಹಾಗಾದರೆ ಇಲ್ಲಿ ಓದುವಾಗ ಅರ್ಥ ಆಯಿತು ಎಂದು ಯಾಕೆ ಹೇಳುತ್ತಿದ್ದಿರಿ?"

"ಅಂಗ್ ಅಂದ್ರೇನೇ ಮಿಸ್ಸು ಮುಂದುಕ್ಕೋಗದು ಮೇಡಂ," ಎಂದ ಸಿದ್ದರಾಜು, ನನಗೆ ಒಳ್ಳೆಯ ಹೆಸರು ತರುವ ಉತ್ಸಾಹದಲ್ಲಿ. "ಇಲ್ಲಾ ಅಂದ್ರೆ ಮತ್ತೆ ಮೊದುಲ್ನಿಂದ ಸುರು ಮಾಡ್ಬುಡ್ತಿದ್ರು. ಎಲ್ರಿಗೂ ಕಷ್ಟ."

ಇಷ್ಟು ವರ್ಷ ಆ ಒಂದು ಮಾತಿನ ಮೇಲೆ ನಾನು ಸಂತೋಷವಾಗಿ ಮನೆಗೆ ಹೋಗುತ್ತಿದ್ದೆ. ಮೇಡಂ ಎದುರಿಗಿಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟು ಹೊತ್ತು ಇಬ್ಬರ ಹಿಂದೆ ನಿಂತಿದ್ದ ಮುರುಗೇಶ ಕಿಟಕಿಯ ಸರಳು ಹಿಡಿದುಕೊಂಡ. "ಮಿಸ್, ಸಣ್ಣೋನಾಗಿದ್ದಾಗ್ಲಿಂದ ಒಂದ್ ಕೇಳ್ಬೇಕು ಅಂತಿದ್ದೆ. ಕೆಳ್ಗಡೆ ಸಂಖ್ಯೆ ಸಮ ಮಾಡಿ, ಸಮ ಮಾಡಿ ಅಂತೀರಲ್ಲ, ಯಾಕ್ ಮಾಡ್ಬೇಕು? ಅಂಗೇ ಕೂಡುದ್ರೆ ಏನಾಯ್ತದೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಮಕ್ಕಳು, ಮೀಸೆಗಳು, ಮೇಡಂ. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಹಾಗೇ ಮಾಡಬೇಕೆಂದು ನನ್ನ ಮಿಸ್ ಹೇಳಿದ್ದರು, ಆಯ್ತು ಮಿಸ್ ಎಂದು ನಾನೂ ಹೇಳಿದ್ದೆ. ಅಂದಿನಿಂದ ಇಂದಿನವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆಯ ಮುಂದೆ ಹಿಂದಿನ ಭಯಗಳೆಲ್ಲ ಆಟದಂತಿದ್ದವು.

"ನಾಳೆ ಹೇಳ್ತೀನಿ," ಎಂದೆ.

ಮೇಡಂ ಏನನ್ನೋ ಬರೆದುಕೊಂಡರು. ಭಾನುವಾರದ ಪಾಠವೆಂದು ನನ್ನ ಬಾಯಿಂದಲೇ ಹೊರಬಿದ್ದಿತ್ತಲ್ಲ, ಖಾಲಿ ಕೋಣೆಯ ವಿಡಿಯೋ ಕಳಿಸಿದ್ದಕ್ಕೆ ಬಡ್ತಿ ನಿಂತಿತು. ತರಬೇತಿಯನ್ನು ಮೊದಲಿನಿಂದ ಮಾಡಬೇಕು, ಈ ಸಲ ಕೊಳ್ಳೇಗಾಲಕ್ಕೇ ಹೋಗಿ, ಎದುರಿಗೆ ಕುಳಿತು. ಅಲ್ಲಿ ಪಾಠ ಹೇಳುವವಳು ಸುಜಾತಾ! "ಬನ್ನಿ ಅಕ್ಕ, ಮುಂದೇನೇ ಕೂತ್ಕೊಳಿ," ಎನ್ನುತ್ತಾಳೆ.

ಆ ಕೋಣೆಯಲ್ಲಿ ದೆವ್ವ ಇಲ್ಲವೆಂದು ಈಗ ಊರಿಗೆಲ್ಲ ಖಾತ್ರಿಯಾಗಿದೆ. ಪುಟ್ಟಮ್ಮ ನಿಂಬೆಹಣ್ಣು ಬಿಚ್ಚಿ ಪಾನಕ ಮಾಡಿದಳು. ಮಕ್ಕಳು ಹಾಡಿಕೊಂಡು ಒಳಗೆ ಓಡುತ್ತಾರೆ. ಬಾಗಿಲಲ್ಲಿ ನಿಂತು ನಡುಗುವವಳು ನಾನೊಬ್ಬಳೇ. ಕಿಟಕಿಯಾಚೆ ಇಸ್ಪೀಟು ಬಿಟ್ಟು ಮುರುಗೇಶ ಉತ್ತರಕ್ಕೆ ಕಾಯುತ್ತ ಕುಳಿತಿರುತ್ತಾನೆ!