ನೆಟ್ ಜಗ್ಗತೈತ್ರಿ, ಯಾರ ಮ್ಯಾಲೋ ಡೌಟ್ ಐತ್ರಿ

ಘಟಪ್ರಭಾದಲ್ಲಿ ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಿಗೆ ಇಂಟರ್‌ನೆಟ್ ವೈರು ಎಳೆಯುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ. ನೆಟ್ ಪೂರ್ತಿ ಹೋದರೆ ಜನ ಸಿಟ್ಟಾಗುತ್ತಾರೆ, ಅಷ್ಟೆ. ಆದರೆ ಚಲೋ ಓಡುತ್ತಿದ್ದದ್ದು ನಡುನಡುವೆ ಜಗ್ಗಿ ನಿಂತರೆ ಅವರಿಗೆ ಸಂಶಯ ಶುರುವಾಗುತ್ತದೆ. ನಾವು ಇದಕ್ಕೆ ಪಿಂಗ್ ಏರಿತು ಅನ್ನುತ್ತೇವೆ. ಮನೆಯಿಂದ ಹೊರಟ ಸಂದೇಶ ಹೋಗಿ ಮರಳಿ ಬರಲು ಹಿಡಿಯುವ ಹೊತ್ತು ಒಮ್ಮೆಲೇ ಹೆಚ್ಚಾಯಿತು ಅಂತ ಅರ್ಥ. ಇದನ್ನು ನಾನು ಬಿಡಿಸಿ ಹೇಳುವಷ್ಟರಲ್ಲಿ ಮನೆಯವರು ಕಳ್ಳ ಯಾರು ಅಂತ ಗೊತ್ತುಮಾಡಿಕೊಂಡು ಕೂತಿರುತ್ತಾರೆ. ಇಂಥದು ವಾರಕ್ಕೆ ಒಂದಾದರೂ ಬರುತ್ತದೆ. ಬಾರದಿದ್ದರೆ ನನ್ನ ಫೋನೇ ಕೆಟ್ಟಿದೆಯೋ ಏನೋ ಅಂತ ನನಗೆ ಸಂಶಯ.

ಬಿಸಿಲೇರಿದ ಮೇಲೆ ಸರಿಯಾಗುವ ರೋಗ

ಮಮದಾಪುರದಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಕೂತು ವಿಡಿಯೋದಲ್ಲಿ ಹೊಲಿಗೆ ಕಲಿಸುತ್ತಾರೆ. ಕ್ಲಾಸು ಮುಂಜಾನೆ ಒಂಬತ್ತಕ್ಕೆ.

"ಅಣ್ಣಾ, ನಾ ಕತ್ತರಿ ಹಿಡಕೊಂಡ ಹಂಗ ನಿಂತಬಿಡತೇನಂತ್ರಿ. ಎಲ್ಲಿ ಕತ್ತರಸಬೇಕು ತಿಳೀದ ಆ ಹೆಣ್ಣಮಕ್ಕಳು ಬ್ಲೌಸಿನ ತೋಳ ಕತ್ತರಸಿಕೊಂಡ ಕುಂತಾರ. ಇಬ್ಬರು ಕ್ಲಾಸ್ ಬಿಟ್ಟರು" ಅಂತ ಫೋನು.

ನಾನು ಕೈಯಲ್ಲಿದ್ದ ಕೆಲಸ ಮುಗಿಸಿ ಮಧ್ಯಾಹ್ನ ಹೋದರೆ ನೆಟ್ ನೀರು ಹರಿದಂತೆ ಹರಿಯುತ್ತಿತ್ತು. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಂಜಾನಿ ಆಫೀಸಿನ್ಯಾಗ ಕುಂತ ನೀವ ಏನೋ ಗುಂಡಿ ತಿರವತೀರಿ. ಬರೂ ಮುಂದ ಸರಿ ಮಾಡಿ ಬರತೀರಿ" ಅಂದರು. ಖರೆ ಹೇಳಬೇಕೆಂದರೆ ನನಗೂ ಅವರ ಮೇಲೆ ಸಂಶಯವಿತ್ತು. ಕಲಿಸಲು ಬಾರದೆ ನಮ್ಮ ವೈರಿನ ಮೇಲೆ ಹಾಕುತ್ತಿದ್ದಾರೆ ಅಂದುಕೊಂಡಿದ್ದೆ.

ನಾಲ್ಕನೆಯ ಸಲ ಹೇಳದೆ ಕೇಳದೆ ಮುಂಜಾನೆಯೇ ಗಾಡಿ ಹೊಡೆದುಕೊಂಡು ಹೋದೆ. ಓಣಿಗೆ ತಿರುಗುತ್ತಲೇ ಕಂಡಿತು. ಕಂಬದಿಂದ ಅವರ ಮನೆಗೆ ಬಂದ ನಮ್ಮ ವೈರಿನ ಮೇಲೆ ಎರಡು ಚಾದರ, ನಾಲ್ಕು ಸೀರೆ, ಒಂದು ದಪ್ಪ ಕೌದಿ. ಎಲ್ಲ ಆಗಷ್ಟೇ ಒಗೆದದ್ದು, ನೀರು ತೊಟ್ಟಿಕ್ಕುತ್ತಿತ್ತು. ಭಾರಕ್ಕೆ ವೈರು ಗೋಡೆಯ ಹತ್ತಿರ ಮಡಚಿ ನಿಂತಿತ್ತು. ಬಟ್ಟೆ ಒಣಗಿ ತೆಗೆದ ಮೇಲೆ ವೈರು ಮೇಲೇಳುವುದು, ಆಮೇಲೆ ನಾನು ಹೋಗುವುದು, ಇಷ್ಟು ದಿನ ನಡೆದದ್ದು ಇದೇ.

"ಅಕ್ಕಾರ, ಇದರಾಗ ಗಾಜಿನ ಎಳಿ ಐತ್ರಿ. ಅದರಾಗ ಬೆಳಕು ಹಾಯ್ದು ಬರಬೇಕು. ಹಿಂಗ ಮಡಚಿದ್ರ ಬೆಳಕು ಸೋರಿ ಹೋಗತೈತಿ."

ಅಕ್ಕ ನಾಚಿ ಸರಸರ ಎಲ್ಲ ಬಟ್ಟೆ ಎಳೆದುಕೊಂಡರು. ಒದ್ದೆ ಕೌದಿ ಹೆಗಲ ಮೇಲಿಟ್ಟುಕೊಂಡು ಒಂದು ಗಳಿಗೆ ವಿಚಾರ ಮಾಡಿ, ದನಿ ಇಳಿಸಿ ಕೇಳಿದರು: "ಅಣ್ಣಾ, ಬಾಜೂ ಮನಿಯವರ ವೈರ್ ಎಷ್ಟ ತೂಕ ತಡೀತೈತ್ರಿ?"

ಬೋಗುಣಿ

ಮೂಡಲಗಿಯ ಒಂದು ಮನೆಯ ಸೊಸೆ ಮಾಳಿಗೆಯ ಕೋಣೆಯಲ್ಲಿ ಕೂತು ಯಾವುದೋ ಕಂಪನಿಯ ಗಿರಾಕಿಗಳ ಫೋನು ಎತ್ತುವ ನೌಕರಿ ಮಾಡುತ್ತಿದ್ದಳು. ದಿನಾ ನಾಲ್ಕು ಗಂಟೆಗೆ ಅವಳ ಮಾತು ತುಂಡು ತುಂಡಾಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ ಕಂಪನಿಯವರು ಹೇಳಿಬಿಟ್ಟಿದ್ದರು.

"ನಮ್ಮ ಅತ್ತಿಯವರಿಗೆ ನಾ ನೌಕರಿ ಮಾಡೂದು ಸೇರೂದಿಲ್ಲರಿ. ಅವರ ಏನೋ ಮಾಡತಾರ" ಅಂತ ಸೊಸೆ ನನ್ನ ಕಿವಿಯಲ್ಲಿ ಅಂದಳು. ಅಂಗಳಕ್ಕೆ ಬಂದರೆ ಅತ್ತೆ ನನ್ನನ್ನು ತಡೆದು ನಿಲ್ಲಿಸಿದರು: "ಬಾಗಲಾ ಹಾಕ್ಕೊಂಡ ದಿನಪೂರ್ತಿ ಯಾರ ಜೋಡಿ ಮಾತಾಡತಾಳ ಸ್ವಲ್ಪ ನೋಡಿ ಹೇಳ್ರಿ."

ನಾನು ಇಬ್ಬರಿಗೂ ಹೂಂ ಅಂದು, ಮಾಳಿಗೆ ಮೇಲೆ ಲ್ಯಾಪ್‌ಟಾಪು ತೆರೆದು ಪಿಂಗ್ ನೋಡುತ್ತ ಕೂತೆ. ನಾಲ್ಕಾಗುತ್ತಲೇ ಅಂಕಿ ಒಮ್ಮೆಲೇ ಮೇಲೆ ಹಾರಿತು. ದಡದಡ ಇಳಿದು ಬಂದೆ. ಪಡಸಾಲೆಯಲ್ಲಿ ಅತ್ತೆ ಮತ್ತು ಅವರ ತಂಗಿ ದಿನದಂತೆ ನಾಲ್ಕರ ಚಹಾ ಕುಡಿಯುತ್ತ ಕೂತಿದ್ದರು. ನೆಟ್ಟಿನ ಡಬ್ಬಿ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಸ್ಟೀಲಿನ ಬೋಗುಣಿ ಬೋರಲು ಬಿದ್ದಿತ್ತು. ಅದರ ಅಡಿಯಿಂದ ನಮ್ಮ ವೈರು ಇಲಿಯ ಬಾಲದಂತೆ ಹೊರಬಂದಿತ್ತು. ಸ್ಟೀಲು ಮುಚ್ಚಿದರೆ ಡಬ್ಬಿಯ ಸಿಗ್ನಲ್ಲು ಮಾಳಿಗೆಗೆ ಹೇಗೆ ಏರೀತು!

"ಅಮ್ಮಾರ, ಏನ್ರಿ ಇದು?"

"ಮೆಲ್ಲಕ ಮಾತಾಡ್ರಿ" ಅಂತ ಅತ್ತೆ ತುಟಿಗೆ ಬೆರಳಿಟ್ಟರು. "ನಾವು ಮಾತಾಡಿದಾಗೆಲ್ಲಾ ಅದರ ದೀಪ ಪಕಪಕ ಅಂತಾವ್ರಿ. ಕೇಳಿ ಕೇಳಿ ಮ್ಯಾಲ ಆಕಿಗೆ ಮುಟ್ಟಸತೈತಿ."

ಅಷ್ಟರಲ್ಲಿ ಸೊಸೆಯೂ ಇಳಿದು ಬಂದಳು. ಬೋಗುಣಿ ನೋಡಿ ಮೊದಲು ಕಣ್ಣು ಕೆಂಪಗಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. "ಅತ್ತೀ, ಅದಕ್ಕ ಕಿವಿ ಇಲ್ಲರಿ. ಅದರ ಮುಂದ ಬೇಕಾದ್ದ ಮಾತಾಡ್ರಿ" ಅಂದಳು. ಅದು ಕೇಳಿಸಿಕೊಳ್ಳುವ ಡಬ್ಬಿ ಅಲ್ಲ ಅಂತ ನಾನೂ ಆಣೆ ಮಾಡಿ ಹೇಳಿದೆ.

ಅತ್ತೆಗೆ ಸಮಾಧಾನವಾಯಿತು. ಆದರೆ ಒಂದು ಗುಟುಕು ಚಹಾ ಕುಡಿದು ತಡೆದರು. "ಹಂಗಾರ ನಿನ್ನ ಪಲ್ಯದ ಬಗ್ಗೆ ನಾ ಅಂದದ್ದ ನಿನಗ ಯಾರ ಹೇಳಿದ್ರು?"

ಅತ್ತೆ ನಿಧಾನಕ್ಕೆ ತಂಗಿಯ ಕಡೆ ತಿರುಗಿದರು. ತಂಗಿ ಚಹಾ ಅರ್ಧಕ್ಕೇ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು. ಅವರ ಮನೆ ಅದೇ ಓಣಿಯಲ್ಲಿ ಮೂರನೆಯದು.

ನೊಣದ ನೆಟ್‌ವರ್ಕ್

ಹುಕ್ಕೇರಿಯಲ್ಲಿ ಬೀಜದ ಕಂಪನಿಯೊಂದರ ಏರಿಯಾ ಸಾಹೇಬರು ಒಬ್ಬರಿದ್ದಾರೆ. ಪ್ರತಿ ಸೋಮವಾರ ಅವರ ಮೇಲಧಿಕಾರಿ ಹುಬ್ಬಳ್ಳಿಯಿಂದ ವಿಡಿಯೋದಲ್ಲಿ ಮೀಟಿಂಗ್ ಕರೆಯುತ್ತಿದ್ದರು. ಮೀಟಿಂಗಿನಲ್ಲಿ ಇವರ ಚಿತ್ರ ನಿಂತುಬಿಡುತ್ತದೆ ಅಂತ ಕಂಪ್ಲೇಂಟು.

ನಾನು ಹೋಗಿ ವೈರು, ಡಬ್ಬಿ, ಲ್ಯಾಪ್‌ಟಾಪು ಎಲ್ಲ ತಪಾಸಣೆ ಮಾಡಿದೆ. "ಸರ, ಏನೂ ತೊಂದರಿ ಇಲ್ಲರಿ. ಕಣ್ಣಿಗೆ ಒತ್ಕೋಬೇಕು, ಹಂಗ ಐತಿ ಲೈನು."

ಇದನ್ನು ಕೇಳಿ ಖುಷಿಯಾಗುವ ಬದಲು ಸಾಹೇಬರ ಮುಖ ಸಣ್ಣದಾಯಿತು. "ತೊಂದರಿ ಐತಿ ಅಂತ ಒಂದು ಚೀಟಿ ಬರದು ಕೊಡ್ರಿ."

"ಇಲ್ಲದ್ದ ಹೆಂಗ ಬರೀಲಿ ಸರ?"

"ಕುಂದರ್ರಿ. ಈಗ ಮೀಟಿಂಗ್ ಐತಿ, ನೀವ ನೋಡ್ರಿ."

ಕ್ಯಾಮರಾಕ್ಕೆ ಕಾಣದಂತೆ ಬಾಗಿಲ ಹತ್ತಿರ ಕೂತೆ. ಮೇಲಧಿಕಾರಿ ಊರು, ಮಳೆ, ಮನೆಯವರ ಆರೋಗ್ಯ ಕೇಳಿದರು. ಇವರು ಹರಳು ಹುರಿದಂತೆ ಉತ್ತರ ಕೊಟ್ಟರು. ಆಮೇಲೆ ಅವರು ಕೇಳಿದರು: "ಹೋದ ವಾರ ಯಾವ ಯಾವ ಹಳ್ಳಿಗೆ ಹೋಗಿದ್ರಿ, ಹೆಸರು ಹೇಳ್ರಿ."

ಸಾಹೇಬರು ನಿಂತುಬಿಟ್ಟರು. ಬಾಯಿ ಅರ್ಧ ತೆರೆದು, ಒಂದು ಕೈ ಗಾಳಿಯಲ್ಲಿ ಎತ್ತಿ, ಕಣ್ಣು ಮಿಟುಕಿಸದೆ. ನನ್ನ ಮೊಬೈಲಿನಲ್ಲಿ ಪಿಂಗ್ ಮಾತ್ರ ಅಲುಗಾಡದೆ ಚಲೋ ಓಡುತ್ತಿತ್ತು. ನನಗೆ ಎಲ್ಲ ತಿಳಿಯಿತು. ಹತ್ತು ವರ್ಷದ ಅನುಭವದಲ್ಲಿ ಒಬ್ಬ ಮನುಷ್ಯನ ಪಿಂಗ್ ಏರಿದ್ದನ್ನು ಅಂದೇ ಮೊದಲು ನೋಡಿದ್ದು.

ಆಗ ಒಂದು ನೊಣ ಬಂತು. ಸಾಹೇಬರ ಕಿವಿಯ ಮೇಲೆ ಕೂತಿತು, ಕೆನ್ನೆಗೆ ನಡೆದು ಬಂತು, ಮೂಗು ಏರಿ ಅಲ್ಲಿ ಕಾಲು ಉಜ್ಜಿಕೊಂಡಿತು. ಸಾಹೇಬರ ಕಣ್ಣಲ್ಲಿ ನೀರು ಬಂತು, ಆದರೂ ಅಲುಗಾಡಲಿಲ್ಲ. ಆ ಮನುಷ್ಯನ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹುಬ್ಬಳ್ಳಿಯಿಂದ ಶಾಂತವಾದ ದನಿ ಬಂತು: "ಆ ನೊಣದ್ದ ಯಾವ ನೆಟ್‌ವರ್ಕ್ ಐತಿ ಕೇಳ್ರಿ. ನಮ್ಮ ಆಫೀಸಿಗೂ ಅದನ್ನ ಹಾಕಸೂಣು."

ಎಂಟು ಕ್ಯಾಮರಾ

ಗೋಕಾಕದ ಒಬ್ಬ ರಿಟೈರ್ಡ್ ಗಣಿತದ ಮಾಸ್ತರರಿಗೆ ಆನ್‌ಲೈನ್ ಚೆಸ್ಸಿನ ಹುಚ್ಚು. ಒಂದು ದಿನ ಗೆಲ್ಲುವ ಆಟದಲ್ಲಿ ಅವರ ಕುದುರೆ ನಡುವೆಯೇ ನಿಂತು, ಹೊತ್ತು ಮುಗಿದು ಸೋತರು. ಬಾಜೂ ಮನೆಯಲ್ಲಿರುವ ರಿಟೈರ್ಡ್ ಬಸ್ ಕಂಡಕ್ಟರ್ ತಮ್ಮ ನೆಟ್ ಕದಿಯುತ್ತಾನೆ ಅಂತ ಅಂದೇ ತೀರ್ಮಾನಿಸಿದರು. ಪಾಸ್‌ವರ್ಡ್ ಬದಲಿಸಿದರು. ಆಮೇಲೆ ಕಳ್ಳನನ್ನು ಹಿಡಿಯಲು ಗೋಡೆಯ ಮೇಲೆ ಒಂದು ಕ್ಯಾಮರಾ ಹಾಕಿಸಿದರು. ನೆಟ್ ಇನ್ನಷ್ಟು ಜಗ್ಗಿತು. ಇನ್ನೊಂದು ಹಾಕಿಸಿದರು, ಮತ್ತಷ್ಟು ಜಗ್ಗಿತು. ನಾನು ಹೋಗುವ ಹೊತ್ತಿಗೆ ನಾಲ್ಕಾಗಿದ್ದವು.

"ನೋಡ್ರಿ, ಕ್ಯಾಮರಾ ಹಚ್ಚಿದ್ದಕ್ಕ ಸಿಟ್ಟ ಬಂದು ಹೆಚ್ಚ ಕದಿಯಾಕತ್ತಾನ!"

ನಾನು ಡಬ್ಬಿಯೊಳಗಿನ ಯಾದಿ ತೆಗೆದು ನೋಡಿದೆ. ಒಂದು ಮೊಬೈಲು, ಒಂದು ಕಂಪ್ಯೂಟರು, ನಾಲ್ಕು ಕ್ಯಾಮರಾ. ಹೊರಗಿನವರು ಯಾರೂ ಇಲ್ಲ. "ಮಾಸ್ತರ, ಈ ಕ್ಯಾಮರಾ ಹಗಲೂ ರಾತ್ರಿ ಚಿತ್ರ ಕಳಸತಾವ್ರಿ. ನಿಮ್ಮ ಕುದುರಿ ಬಾಗಲಿಗೆ ಬಂದು ಅವುಗಳ ಹಿಂದ ಪಾಳಿ ಹಚ್ಚಿ ನಿಂತೈತಿ. ಇವನ್ನ ತಗೀರಿ, ಓಡತೈತಿ."

"ತಗದ್ರ ಅವ ಕದೀತಾನ."

ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಕಂಡಕ್ಟರ್ ನನ್ನನ್ನು ಸನ್ನೆ ಮಾಡಿ ಕರೆದರು. ಅವರದೂ ಅದೇ ಗೋಳು. "ಮುಂಜಾನಿ ವಿಡಿಯೋದಾಗ ಯೋಗ ಮಾಡತೇನ್ರಿ. ಕಾಲ ಮ್ಯಾಲ ಎತ್ತಿದಾಗ ಗುರುಗಳು ಹಂಗ ನಿಂತಬಿಡತಾರ. ಇಳಸ್ಬೇಕೋ ಬ್ಯಾಡೋ ತಿಳೀವಲ್ದು. ಈ ಮಾಸ್ತರ ನಮ್ಮ ನೆಟ್ ಕದಿಯಾಕತ್ತಾನ." ತಲೆ ಎತ್ತಿ ನೋಡಿದೆ. ಅವರ ಗೋಡೆಯ ಮೇಲೂ ನಾಲ್ಕು ಕ್ಯಾಮರಾ, ಎಲ್ಲ ಮಾಸ್ತರರ ಮನೆಯತ್ತ ಮುಖ ಮಾಡಿದ್ದವು.

ಇಬ್ಬರೂ ಸಾಕ್ಷಿ ತೋರಿಸಿದರು. ಮಾಸ್ತರರ ರೆಕಾರ್ಡಿನಲ್ಲಿ ಕಂಡಕ್ಟರ್ ಸೊಂಟಕ್ಕೆ ಕೈಯಿಟ್ಟು ಈ ಕಡೆ ದಿಟ್ಟಿಸುತ್ತಿದ್ದರು. ಕಂಡಕ್ಟರ್ ರೆಕಾರ್ಡಿನಲ್ಲಿ ಮಾಸ್ತರರು ಕನ್ನಡಕ ಏರಿಸಿ ಆ ಕಡೆ ದಿಟ್ಟಿಸುತ್ತಿದ್ದರು. ತಿಂಗಳುಗಟ್ಟಲೆ ಅದರಲ್ಲಿ ಬೇರೆ ಏನೂ ಇರಲಿಲ್ಲ.

ತೆಗೆಯಲು ಇಬ್ಬರೂ ಒಪ್ಪಿದರು. "ಅವ ಮೊದಲ ತಗೀಲಿ" ಅಂತ ಇಬ್ಬರದೂ ಒಂದೇ ಷರತ್ತು. ಕಡೆಗೆ ನಾನು ನಡುವಿನ ಗೋಡೆಗೆ ನಿಚ್ಚಣಿಕೆ ಹಚ್ಚಿ ಹತ್ತಿದೆ. ಈ ಕಡೆಯ ಒಂದು ಸ್ಕ್ರೂ, ಆ ಕಡೆಯ ಒಂದು ಸ್ಕ್ರೂ, ಮತ್ತೆ ಈ ಕಡೆಯದೊಂದು. ಕೆಳಗೆ ನಿಂತು ಇಬ್ಬರೂ ಗಟ್ಟಿಯಾಗಿ ಎಣಿಸಿದರು. ನಾನು ಇಳಿದಾಗ ಎರಡೂ ಮನೆಯ ನೆಟ್ ಓಡುತ್ತಿತ್ತು.

ವಾರದ ಮೇಲೆ ಮಾಸ್ತರರ ಫೋನು, ಮೆಲ್ಲಗಿನ ದನಿಯಲ್ಲಿ. "ನೆಟ್ ಭಾಳ ಚಲೋ ಓಡಾಕತ್ತೈತ್ರಿ. ಕುದುರಿ ಜಿಗದದ್ದ ಜಿಗದದ್ದು. ನಮ್ಮದು ಎಂದೂ ಇಷ್ಟ ಜೋರ ಇರಲಿಲ್ಲ. ತಪ್ಪಿ ಅವರ ನೆಟ್ ನಮ್ಮ ಮನಿಗೆ ಬರಾಕತ್ತೈತೇನು?"

"ಇಲ್ಲರಿ ಮಾಸ್ತರ, ಅದು ನಿಮ್ಮದ."

"ಖರೇನ?"

"ಖರೇನ."

ಮಾಸ್ತರರು ದನಿ ಇನ್ನೂ ಇಳಿಸಿದರು. "ಬಂದರ ಬರ್ಲಿ ಬಿಡ್ರಿ. ಅವಗ ಮಾತ್ರ ಹೇಳಬ್ಯಾಡ್ರಿ."

ಫೋನ್ ಇಟ್ಟು ಚಹಾದ ಕಪ್ಪಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ರಿಂಗಾಯಿತು. ಈ ಸಲ ಕಂಡಕ್ಟರ್. ಅವರದೂ ಮೆಲ್ಲಗಿನ ದನಿ.

"ಒಂದು ವಿಷಯ ಕೇಳಬೇಕಾಗಿತ್ತು. ಮಾಸ್ತರಗ ಹೇಳೂದಿಲ್ಲಂತ ಮೊದಲ ಆಣಿ ಮಾಡ್ರಿ."