ಒಂದು ನಂಬರು ಕಡಿಮೆ

ಕನ್ನಡಕದಂಗಡಿಯ ಯಜಮಾನರಿಗೆ ಮನೆಯಲ್ಲಿ ಇದ್ದದ್ದು ಒಂದೇ ದುಃಖ: ಹೆಂಡತಿಗೆ ಎಲ್ಲವೂ ಕಾಣುತ್ತಿತ್ತು. ಕಾಣುವಂತೆ ಕನ್ನಡಕ ಮಾಡಿಕೊಟ್ಟವರು ತಾವೇ ಎಂಬುದು ಆ ದುಃಖದ ಮೇಲಿನ ಉಪ್ಪು. ಅದನ್ನು ಏರಿಸಿಕೊಂಡರೆ ಸಾಕು, ಆಕೆಗೆ ಮೂಲೆಯ ಜೇಡರಬಲೆ ಕಾಣುತ್ತಿತ್ತು, ಬೀರುವಿನ ಮೇಲಿನ ಧೂಳು ಕಾಣುತ್ತಿತ್ತು, ಕೊನೆಗೆ ಸೋಫಾದಲ್ಲಿ ಒರಗಿದ ಯಜಮಾನರೂ ಕಾಣುತ್ತಿದ್ದರು. ಕಂಡದ್ದೇ ತಡ, ಬಲೆ ತೆಗೆಯಿರಿ, ಸೋಫಾ ಸರಿಸಿ ಎಂದು ಶುರು. ಮನೆ ಗಲೀಜಾಗಿದೆ ಎಂದು ಯಜಮಾನರಿಗೆ ಯಾವತ್ತೂ ಅನ್ನಿಸಿರಲಿಲ್ಲ. (ಆಕೆ ಮದುವೆಯಾದಂದಿನಿಂದ ಗುಡಿಸುತ್ತಿದ್ದ ಮನೆ ಅದು, ಅನ್ನಿಸಲು ಅವಕಾಶವೇ ಸಿಕ್ಕಿರಲಿಲ್ಲ.)

"ಕೊಳೆ ಮನೇಲಿಲ್ಲ ಕಣೆ, ನೀನು ನೋಡೋದರಲ್ಲಿದೆ," ಎಂದು ಅವರು ಉಪದೇಶಿಸುತ್ತಿದ್ದರು.

"ಹಾಗಾದ್ರೆ ದಿನಾ ಬಾಚಿ ಹೊರಗೆ ಹಾಕ್ತೀನಲ್ಲ, ಅದೇನು?" ಎಂದು ಆಕೆ ಕೇಳಿದರೆ ಅವರ ಮುಖದ ಮುಂದಿನ ಪೇಪರು ಇನ್ನಷ್ಟು ಮೇಲೇರುತ್ತಿತ್ತು.

ಒಂದು ದಿನ ಯಜಮಾನರು ಆಕೆಯ ಕನ್ನಡಕದ ಮೇಲೆ ಕುಳಿತುಬಿಟ್ಟರು. (ಇದು ಆಕಸ್ಮಿಕ. ಮುಂದಿನದು ಅಲ್ಲ.) ಹೊಸದನ್ನು ಮಾಡುವಾಗ ಅವರಿಗೆ ದಿವ್ಯಜ್ಞಾನವಾಯಿತು. ಗಾಜಿನ ನಂಬರನ್ನು ಒಂದು ಇಳಿಸಿದರು. ಬಾಗಿಲು ಕಾಣಬೇಕು, ಬಸ್ಸು ಕಾಣಬೇಕು, ಬಲೆ ಮಾತ್ರ ಕಾಣಬಾರದು. ಗೃಹಶಾಂತಿಯನ್ನು ಇಷ್ಟು ಕರಾರುವಾಕ್ಕಾಗಿ ಉಜ್ಜಿ ಫ್ರೇಮಿಗೆ ಕೂರಿಸಿದವರು ಚರಿತ್ರೆಯಲ್ಲೇ ಇಲ್ಲ ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು.

ಶಾಂತಿ ಬಂತು. ಮನೆಯೆಲ್ಲ ಎಷ್ಟು ಲಕ್ಷಣವಾಗಿದೆ ಎನ್ನುತ್ತ ಆಕೆ ಕಾದಂಬರಿ ಹಿಡಿದು ಕಿಟಕಿಯ ಬಳಿ ಕೂತಳು. ಯಜಮಾನರಿಗೆ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

ಉಕ್ಕಿದ್ದು ಇಳಿಯುವಷ್ಟರಲ್ಲಿ ಅವರ ಅಕ್ಕ ಬರುವ ಸುದ್ದಿ ಬಂತು. ಅಕ್ಕ ಮೊದಲು ಮೇಜಿನ ಮೇಲೆ ಬೆರಳಾಡಿಸಿ, ಆಮೇಲೆ ಕ್ಷೇಮ ವಿಚಾರಿಸುವವರು. ತಮ್ಮ ಮನೆ ಕನ್ನಡಿಯಂತಿರುವುದು ತಮ್ಮ ಶಿಸ್ತಿನಿಂದ ಎಂದು ಯಜಮಾನರು ಅವರ ಬಳಿ ಬಹಳ ವರ್ಷಗಳಿಂದ ಕೊಚ್ಚಿಕೊಂಡಿದ್ದರು. ಈಗ ಸುತ್ತ ನೋಡಿದರೆ ಮೇಜಿನ ಮೇಲೆ ಹೆಸರು ಬರೆಯಬಹುದಿತ್ತು. ಹೆಂಡತಿಗೆ ತೋರಿಸಿದರು. ಆಕೆ ಬಗ್ಗಿ ನೋಡಿ, ಎಲ್ಲಿ, ನನಗೇನೂ ಕಾಣುತ್ತಿಲ್ಲವಲ್ಲ ಎಂದು ಪುಟ ತಿರುಗಿಸಿದಳು. ನಿಜ ಹೇಳುವಂತಿರಲಿಲ್ಲ. ಸ್ವಂತ ಹೆಂಡತಿಗೆ ತಪ್ಪು ನಂಬರು ಕೊಟ್ಟವನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

ಯಜಮಾನರು ಸೊಂಟಕ್ಕೆ ಟವೆಲ್ ಬಿಗಿದರು. ಒಂದು ಕಡೆ ಒರೆಸಿದರೆ ಒರೆಸದ ಕಡೆ ಎದ್ದು ಕಾಣತೊಡಗಿತು. ಸ್ವಿಚ್ಚಿನ ಸುತ್ತ ಇಷ್ಟು ಕರಿ ಬೆರಳಚ್ಚು ಯಾವಾಗ ಬಂತು? ಎರಡನೇ ದಿನದ ಹೊತ್ತಿಗೆ ಅವರ ಸ್ವಭಾವವೇ ಬದಲಾಗಿತ್ತು.

"ಕಾಲೆತ್ತು. ಮನೆಯೆಲ್ಲ ಒಬ್ಬನೇ ಒರೆಸಿ ಸಾಯ್ತಿದ್ದೀನಿ, ಕೂತು ಓದೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿನಗೆ?"

ಆಕೆ ಕಾಲೆತ್ತಿದಳು.

ಅಕ್ಕ ಬಂದರು. ಬೆರಳಾಡಿಸಿದರು. ಬೆರಳು ಶುಭ್ರವಾಗಿತ್ತು. "ಮನೆ ಚೆನ್ನಾಗಿ ಇಟ್ಕೊಂಡಿದ್ದೀಯಮ್ಮ," ಎಂದು ತಮ್ಮನ ಹೆಂಡತಿಗೆ, ಸ್ವಂತ ಮಗಳಿಗೆ ಹೇಳುವಷ್ಟು ಮೃದುವಾಗಿ ಹೇಳಿದರು.

ಯಜಮಾನರ ಎದೆಗೆ ಕೊಳ್ಳಿಯಿಟ್ಟಂತಾಯಿತು. "ಎಲ್ಲ ನಾನೇ ಮಾಡಿದ್ದು, ಅಕ್ಕಾ," ಎಂದರು.

"ಎಲ್ಲೋ ಎರಡು ದಿನ ಮಾಡಿರ್ತಾನೆ, ಅದಕ್ಕೇ ಹೇಳ್ಕೋತಾನೆ ನೋಡು," ಎಂದರು ಅಕ್ಕ.

"ಪಾಪ, ಮಾಡಿದ್ದಾರೆ ಅತ್ತಿಗೆ," ಎಂದು ಹೆಂಡತಿ ಕೂತಲ್ಲಿಂದಲೇ ತಲೆಯೆತ್ತಿದಳು. "ಫ್ಯಾನಿನ ಒಂದು ರೆಕ್ಕೆ ಮಾತ್ರ ಬಿಟ್ಟಿದ್ದಾರೆ."

ಯಜಮಾನರು ಮೇಲೆ ನೋಡಿದರು. ಬಿಟ್ಟಿದ್ದರು. "ನಿನಗೆ ಅದು ಹೇಗೆ ಕಾಣ್ತು?" ಎಂದು ಬಾಯಿ ಜಾರಿತು.

"ಹೊಸ ಕನ್ನಡಕ ಹಾಕಿದ ಮೊದಲನೇ ದಿನವೇ ತಲೆ ನೋವು ಬಂತು. ನಿಮ್ಮ ಎದುರಿನ ಕನ್ನಡಕದಂಗಡಿಯವರ ಹತ್ರ ಹೋಗಿ ಗಾಜು ಬದಲಾಯಿಸ್ಕೊಂಡೆ. ನೀವು ಹಾಕಿದ ನಂಬರು ನೋಡಿ ಅವರು ತುಂಬಾ ನೊಂದ್ಕೊಂಡ್ರು. ಯಜಮಾನರ ಕಣ್ಣು ಮಂಜಾಗ್ತಿರಬೇಕು, ಒಂದ್ಸಲ ಕರ್ಕೊಂಡು ಬನ್ನಿ ಅಂದ್ರು. ನಾಳೆ ಬರ್ತೀವಿ ಅಂತ ಹೇಳಿಟ್ಟಿದ್ದೀನಿ."

ಕಣ್ಣು ಸರಿಯಿದೆ ಎಂದರೆ ಬೇಕೆಂದೇ ಮಾಡಿದ್ದು ಎಂದಾಗುತ್ತಿತ್ತು. ಯಜಮಾನರು ಕಣ್ಣುಜ್ಜಿಕೊಂಡರು.

ಅಕ್ಕ ಎದ್ದು ಹತ್ತಿರ ಬಂದು, ತಮ್ಮನ ಮೂಗಿನ ಮುಂದೆ ಮೂರು ಬೆರಳು ಹಿಡಿದರು.

"ಇದೆಷ್ಟು ಹೇಳು ಪುಟ್ಟಾ."