ಮೇಷ್ಟ್ರ ಮಗಳು ಶಾಲೆ ಬಿಟ್ಟ ಮೇಲೆ

ಪ್ರತಿವರ್ಷ ಶಾಲೆ ಶುರುವಾಗುವ ಹೊತ್ತಿಗೆ ಸರ್ಕಾರಿ ಶಾಲೆಯ ಮೇಷ್ಟ್ರುಗಳಾದ ನಾವು ಒಂದಷ್ಟು ದಿನ ರಾಜಕಾರಣಿಗಳಾಗುತ್ತೇವೆ. ಬಿಸಿಲಲ್ಲಿ ಮನೆಮನೆ ಹತ್ತಿಳಿಯುತ್ತೇವೆ, ಪರಿಚಯವಿಲ್ಲದವರಿಗೂ ಹಲ್ಲು ಕಿರಿಯುತ್ತೇವೆ, ಅಜ್ಜಿಯರ ಮಂಡಿನೋವು ವಿಚಾರಿಸುತ್ತೇವೆ, ಸಿಂಬಳ ಸುರಿಸುವ ಕೂಸನ್ನು ಎತ್ತಿಕೊಂಡು ಇದು ಮುಂದೆ ದೊಡ್ಡ ಆಫೀಸರ್ ಆಗುತ್ತದೆ ಎಂದು ಭವಿಷ್ಯ ನುಡಿಯುತ್ತೇವೆ. ಇದಕ್ಕೆ ಇಲಾಖೆಯವರು ಇಟ್ಟ ಹೆಸರು ದಾಖಲಾತಿ ಆಂದೋಲನ. ರಾಜಕಾರಣಿ ಓಟು ಕೇಳುತ್ತಾನೆ, ನಾವು ಮಕ್ಕಳನ್ನು ಕೇಳುತ್ತೇವೆ, ಅಷ್ಟೇ ವ್ಯತ್ಯಾಸ. ಚನ್ನಗಿರಿಯ ಅಂಚಿನಲ್ಲಿರುವ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಕೆಲಸಕ್ಕೆ ನಾನೇ ಮುಂದಾಳು. ಗಂಟಲು ದೊಡ್ಡದು ಎಂಬುದು ಅದಕ್ಕೆ ಇದ್ದ ಏಕೈಕ ಕಾರಣ. ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು, ಬನ್ನಿರಿ ಬನ್ನಿರಿ ಶಾಲೆಗೆ ಎಂದು ನಾನು ಬೀದಿಯಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುವವರೂ ಒಮ್ಮೆ ತಿರುಗಿ ನೋಡುತ್ತಾರೆ. ಹೀಗೆ ಊರವರ ಮಕ್ಕಳನ್ನೆಲ್ಲ ಶಾಲೆಗೆ ಕರೆಯುವ ನನ್ನ ಸ್ವಂತ ಮಗಳು ಶಾಲೆಗೆ ಹೋಗುವುದಿಲ್ಲ. ಮನೆಯಲ್ಲಿ, ಫ್ಯಾನಿನ ಕೆಳಗೆ, ಮಂಡಕ್ಕಿ ತಿನ್ನುತ್ತ ಓದುತ್ತಾಳೆ.

ಮೊದಲು ಹೋಗುತ್ತಿದ್ದಳು. ನಮ್ಮ ಶಾಲೆಗಲ್ಲ, ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಶಾಲೆಗೆ. ಸರ್ಕಾರಿ ಮೇಷ್ಟ್ರು ತನ್ನ ಮಕ್ಕಳನ್ನು ಪ್ರೈವೇಟ್ ಶಾಲೆಗೆ ಸೇರಿಸುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಸೇರಿಸದಿದ್ದರೆ ಅವನ ಸಂಸಾರದಲ್ಲಿ ಏನೋ ತೊಂದರೆಯಿದೆ ಎಂದು ಜನ ಅನುಮಾನಪಡುತ್ತಾರೆ. ಆದ್ದರಿಂದ ಆ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೆ ಮಗಳು ಮಾನ್ಯಾಗೆ ದಿನಾ ಬೆಳಿಗ್ಗೆ ಶಾಲೆಯ ವ್ಯಾನು ಹಾರ್ನ್ ಹೊಡೆದ ತಕ್ಷಣ ಹೊಟ್ಟೆನೋವು ಬರುತ್ತಿತ್ತು. ಡಾಕ್ಟರು ಹೊಟ್ಟೆಯನ್ನು ಎಲ್ಲ ಕಡೆಯಿಂದ ಒತ್ತಿ ನೋಡಿ ಏನೂ ಇಲ್ಲ ಎಂದರು. ಭಾನುವಾರ ಅವರ ಮಾತು ನಿಜವೆನಿಸುತ್ತಿತ್ತು, ಸೋಮವಾರ ಸುಳ್ಳೆನಿಸುತ್ತಿತ್ತು. ಸಂಜೆ ಬಂದವಳು ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಇದನ್ನು ನೋಡಿ ನೋಡಿ ನನ್ನ ಹೆಂಡತಿ ಶೈಲಾ ಮೊಬೈಲಿನಲ್ಲಿ ಏನೇನೋ ವಿಡಿಯೊ ನೋಡಿ, ಮಕ್ಕಳನ್ನು ಮನೆಯಲ್ಲೇ ಓದಿಸಬಹುದಂತೆ, ಆನ್‌ಲೈನ್ ಕ್ಲಾಸಿದೆಯಂತೆ, ದೊಡ್ಡ ಪರೀಕ್ಷೆಯನ್ನು ಮುಂದೆ ಮುಕ್ತ ಶಾಲೆಯ ಮೂಲಕ ಬರೆಸಬಹುದಂತೆ ಎಂದು ಘೋಷಿಸಿದಳು. ನಮ್ಮ ಮನೆಯಲ್ಲಿ 'ಅಂತೆ' ಎಂದು ಶುರುವಾದದ್ದು ಎರಡು ವಾರದಲ್ಲಿ ಕಾನೂನಾಗುತ್ತದೆ. ನನ್ನ ಅಭಿಪ್ರಾಯವನ್ನೂ ಕೇಳಲಾಯಿತು, ಫೀಸು ಕಟ್ಟಿದ ಮೇಲೆ.

ಮನೆಯಲ್ಲೇ ಓದುವ ಮಕ್ಕಳಿಗೆ ಆನ್‌ಲೈನ್ ಕ್ಲಾಸು ಹೇಗೆ ನಡೆಯುತ್ತದೆ ಎಂದು ಊರಲ್ಲಿ ನನ್ನನ್ನು ಕೇಳದವರಿಲ್ಲ. ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾಗಿದೆ. ಬೆಳಿಗ್ಗೆ ಎರಡು ಗಂಟೆ ನೇರ ಪಾಠ. ಎಲ್ಲೋ ದೂರದ ಊರಿನಲ್ಲಿ ಕೂತ ಮಿಸ್ಸು ಪರದೆಯ ಮೇಲೆ ಬಂದು, ನಿನ್ನೆ ರಾತ್ರಿ ನಿಮಗೆ ಯಾವ ಕನಸು ಬಿತ್ತು ಎಂದು ವಿಚಾರಿಸುತ್ತಾರೆ. ಮಕ್ಕಳು ಸಣ್ಣ ಸಣ್ಣ ಚೌಕಗಳಲ್ಲಿ ಕೂತು ಕನಸು ಹೇಳುತ್ತಾರೆ. ಹೊನ್ನಾಳಿಯ ಹುಡುಗಿಯೊಬ್ಬಳ ಚೌಕದಲ್ಲಿ ಅವಳಿಗಿಂತ ಅವರ ಮನೆಯ ಕೋಳಿಗಳೇ ಜಾಸ್ತಿ ಮಾತಾಡುತ್ತವೆ. ಆಮೇಲೆ ಪಾಠ, ಆಮೇಲೆ ಪ್ರಶ್ನೆ, ಉತ್ತರ ಗೊತ್ತಿದ್ದವರು ಕೈಯ ಚಿತ್ರ ಒತ್ತಬೇಕು. ನಮ್ಮ ಶಾಲೆಯಲ್ಲಿ ಕೈಯೆತ್ತಿದ ಹುಡುಗ ಪಕ್ಕದವನ ಮೂಗಿಗೆ ತಾಗಿಸದೆ ಇಳಿಸಿದ್ದನ್ನು ನಾನು ಕಂಡಿಲ್ಲ, ಇಲ್ಲಿ ಆ ಭಯವಿಲ್ಲ. ಎರಡು ಗಂಟೆ ಮುಗಿದರೆ ಮಿಸ್ಸು ಕೈಬೀಸಿ ಮಾಯವಾಗುತ್ತಾರೆ. ಅಲ್ಲಿಂದ ಮುಂದಿನದಕ್ಕೆ 'ಮಗು ತನ್ನದೇ ವೇಗದಲ್ಲಿ ಕಲಿಯುವುದು' ಎನ್ನುತ್ತಾರೆ. ಅಂದರೆ ಅಪ್ಪ ಅಮ್ಮನ ಬಿಪಿಯ ವೇಗದಲ್ಲಿ. ಲೆಕ್ಕ ಮಾಡಿಸಿ, ಅದರ ಫೋಟೊ ತೆಗೆದು, ನೆರಳು ಬಿದ್ದಿದೆ ಎಂದು ಮತ್ತೆ ತೆಗೆದು, ಕಳಿಸಬೇಕು. ಮಣ್ಣಿನಲ್ಲಿ ಜ್ವಾಲಾಮುಖಿ ಮಾಡಿಸಬೇಕು, ಅದು ಉಕ್ಕಿದ ಮೇಲೆ ಹಾಲ್ ಒರೆಸಬೇಕು. ಇದನ್ನೆಲ್ಲ ಮಾಡುವ ತಂದೆತಾಯಿಗೆ 'ಕಲಿಕಾ ಸಂಗಾತಿ' ಎಂಬ ಬಿರುದು ಕೊಡುತ್ತಾರೆ. ನಾನು ಶಾಲೆಯಲ್ಲಿ ಪಾಠ ಮಾಡಿದರೆ ಸರ್ಕಾರ ನನಗೆ ಸಂಬಳ ಕೊಡುತ್ತದೆ, ಮನೆಯಲ್ಲಿ ಪಾಠ ಮಾಡಲು ನಾನೇ ಅವರಿಗೆ ಕೊಡುತ್ತೇನೆ.

ಶೈಲಾ ಭಾಷೆಯ ಸಂಗಾತಿ, ನಾನು ಗಣಿತದ ಸಂಗಾತಿ. ಹುಡುಗರಿಗೆ ಗಣಿತ ಹೇಳಿಕೊಟ್ಟೇ ಕೂದಲು ಉದುರಿಸಿಕೊಂಡ ನನಗೆ ಒಂದು ಮಗುವಿಗೆ ಭಿನ್ನರಾಶಿ ಹೇಳಿಕೊಡುವುದು ಯಾವ ಮಹಾ ಎಂಬ ಜಂಬವಿತ್ತು. ಮೊದಲನೇ ದಿನ ರೊಟ್ಟಿ ಮುರಿದು ತೋರಿಸಿದೆ. ಮಾನ್ಯಾ ತುಂಡುಗಳನ್ನು ನೋಡಿ, ಇವು ಸಮ ಇಲ್ಲವಲ್ಲ ಎಂದಳು. ಸಮ ಅಂದುಕೋ ಎಂದೆ. ಸಮ ಇಲ್ಲದ್ದನ್ನು ಸಮ ಅಂತ ಯಾಕೆ ಅಂದುಕೊಳ್ಳಬೇಕು ಎಂದಳು. ನಮ್ಮ ಶಾಲೆಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ, ಕೇಳಲು ನಾನು ಬಿಡುವುದಿಲ್ಲ. ಎರಡು ಸಲ ಹೇಳಿದೆ, ಮೂರನೆಯ ಸಲ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ನಾನೇ ಲೆಕ್ಕ ಮಾಡಿ ಮುಗಿಸಿ, ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ ಎಂದು ಬೀದಿಯ ಗಂಟಲಿನಲ್ಲಿ ಕೇಳಿದೆ. ಅವತ್ತು ಭಾನುವಾರದ ವಿಶೇಷ ಕ್ಲಾಸು, ಮಕ್ಕಳೆಲ್ಲ ತಮ್ಮ ತಮ್ಮ ಮನೆಯಲ್ಲಿ ಲೆಕ್ಕ ಮಾಡುತ್ತಿದ್ದರು, ನಮ್ಮ ಮನೆಯ ಮೈಕು ತೆರೆದೇ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಹೊನ್ನಾಳಿಯ ಕೋಳಿಗಳೂ ಸುಮ್ಮನಾದವು. ಸಂಜೆ ಮಿಸ್ಸಿನಿಂದ ಮೆಸೇಜು ಬಂತು: ಪ್ರಿಯ ಕಲಿಕಾ ಸಂಗಾತಿ, ಮಗುವಿಗೆ ತಪ್ಪು ಮಾಡಲು ದಯವಿಟ್ಟು ಅವಕಾಶ ಕೊಡಿ. ನನ್ನ ಇಡೀ ಸರ್ವಿಸಿನಲ್ಲಿ ತಪಾಸಣೆಗೆ ಬಂದ ಯಾವ ಸಾಹೇಬರೂ ನನ್ನ ಪಾಠದ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ಅವರು ಪಾಠ ಕೇಳುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಇಷ್ಟಾದರೂ ಒಂದು ಮಾತನ್ನು ಒಪ್ಪಲೇಬೇಕು. ಮಗಳ ಹೊಟ್ಟೆನೋವು ಹೋಯಿತು. ಊಟ ಸೇರಿತು, ಕೆನ್ನೆ ತುಂಬಿತು, ಓಣಿಗೆಲ್ಲ ಕೇಳುವಂತೆ ನಗತೊಡಗಿದಳು. ಅದನ್ನು ಕಂಡು ನನಗಾದ ಸಂತೋಷ ಸುಳ್ಳಲ್ಲ. ಶೈಲಾಗಂತೂ ಜ್ಞಾನೋದಯವಾದವರ ಹಾಗೆ ಊರಿಗೆಲ್ಲ ಇದನ್ನು ಸಾರಬೇಕೆನಿಸಿತು. ಅವಳು ಸಾರಿದ್ದು ಮಂಜಣ್ಣನ ಹಿಟ್ಟಿನ ಗಿರಣಿಯಲ್ಲಿ. ರಾಗಿ ಬೀಸಿಸಲು ಬಂದ ಹೆಂಗಸರಿಗೆಲ್ಲ, ಶಾಲೆಗೆ ಕಳಿಸುವುದು ಹಳೇ ಕಾಲದ್ದು, ಮಗು ಅರಳಬೇಕು ಎಂದರೆ ಮನೆಯಲ್ಲೇ ಅರಳಬೇಕು ಎಂದು ಗಿರಣಿಯ ಸದ್ದನ್ನೂ ಮೀರಿ ಹೇಳಿಬಂದಳಂತೆ. ಸಂಸಾರದಲ್ಲಿ ಗಂಡ ಹೆಂಡತಿ ಇಬ್ಬರೂ ಪ್ರಚಾರಕ್ಕಿಳಿದರೆ ಒಂದೇ ಪಕ್ಷದಲ್ಲಿರುವುದು ಕ್ಷೇಮ ಎಂದು ನನಗೆ ಆಗ ಹೊಳೆಯಲಿಲ್ಲ.

ಮಂಜಣ್ಣನ ಮಕ್ಕಳಿಬ್ಬರೂ ನಮ್ಮ ಶಾಲೆಯವರು. ಆ ವರ್ಷ ಆಂದೋಲನ ಶುರುವಾಗುವ ಮೊದಲೇ ಅವನು ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು ನಿಂತ, ಇಬ್ಬರ ಟಿ.ಸಿ. ಬೇಕು ಎಂದ. ಯಾಕಪ್ಪಾ ಎಂದೆ.

"ನಾವೂ ಹೋಮ್ ಸ್ಕೂಲ್ ಮಾಡ್ತೀವಿ ಸಾರ್. ಫೋನ್ ಐತೆ, ಕರೆಂಟ್ ಐತೆ, ಇನ್ನೇನ್ ಬೇಕು ಓದಾಕೆ?"

ಹಾಗಲ್ಲ ಮಂಜಣ್ಣ, ಅದಕ್ಕೆ ಮನೆಯಲ್ಲಿ ಕೂತು ಹೇಳಿಕೊಡುವವರು ಬೇಕು ಎಂದು ತಿಳಿಹೇಳಿದೆ. ನಿಮ್ಮ ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದ. ಸ್ವಲ್ಪ ಹೆಮ್ಮೆಯಿಂದಲೇ 'ನಾನೇ' ಎಂದೆ.

"ಹಂಗಾರೆ ಬಿಡ್ರಿ ಸಾರ್. ಸಂಜೆ ನಮ್ಮ ಹುಡುಗ್ರನ್ನೂ ನಿಮ್ಮ ಮನೆಗೇ ಕಳಿಸ್ತೀನಿ. ಶಾಲ್ಯಾಗೂ ನೀವೇ, ಮನ್ಯಾಗೂ ನೀವೇ, ಬಿಸಿಲಾಗೆ ಎರಡು ಕಡೆ ಯಾಕೆ ತಿರುಗ್ಬೇಕು?"

ಟಿ.ಸಿ. ತೆಗೆದುಕೊಂಡು ಹೋದ. ಆಮೇಲೆ ತಿಳಿದದ್ದೇನೆಂದರೆ, ಮಂಜಣ್ಣ ಮಕ್ಕಳನ್ನು ಮನೆಯಲ್ಲೇನೂ ಕೂರಿಸಲಿಲ್ಲ. ನನ್ನ ಮಗಳು ಬಿಟ್ಟ ಅದೇ ಪ್ರೈವೇಟ್ ಶಾಲೆಗೆ ಸೇರಿಸಿದ. ವ್ಯಾನಿನಲ್ಲಿ ಮಾನ್ಯಾ ಕೂರುತ್ತಿದ್ದ ಕಿಟಕಿ ಪಕ್ಕದ ಸೀಟಿನಲ್ಲೇ ಅವನ ದೊಡ್ಡ ಮಗಳು ಕೂರುತ್ತಾಳಂತೆ. ಸರ್ಕಾರಿ ಮೇಷ್ಟ್ರ ಎದುರು ಪ್ರೈವೇಟ್ ಶಾಲೆ ಎನ್ನಲು ಸಂಕೋಚವಾಗಿ ಹೋಮ್ ಸ್ಕೂಲ್ ಎಂದನಂತೆ. ಆ ವರ್ಷ ಆಂದೋಲನಕ್ಕೆ ಹೋದ ಕಡೆಯೆಲ್ಲ ನನ್ನ ಮಗಳದ್ದೇ ಪ್ರಶ್ನೆ. ಕತ್ತಲಗೆರೆ ಕಡೆಯಿಂದ ಹೊಸದಾಗಿ ಬಂದ ಮನೆಯವರು ಕೂಡ, ನಾನು ಕೈಮುಗಿಯುವಷ್ಟರಲ್ಲೇ, ನಿಮ್ಮ ಮಗಳು ಯಾವ ಶಾಲೆ ಸಾರ್ ಎಂದು ಕೇಳಿದರು. ಒಳಗೆ ಕಾಫಿ ಮಾಡುತ್ತಿದ್ದವರೂ ಉತ್ತರ ಕೇಳಲು ಹೊರಗೆ ಬಂದರು. ನಾನು ಆ ಮನೆಯ ಅಜ್ಜಿಯ ಮಂಡಿನೋವಿನ ಕಡೆಗೆ ಮಾತು ತಿರುಗಿಸಿದೆ.

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಮಕ್ಕಳ ಸಂಖ್ಯೆ ಇಳಿದರೆ ಆ ಶಾಲೆಯ ಒಬ್ಬ ಶಿಕ್ಷಕ ಹೆಚ್ಚುವರಿ ಎಂದು ತೀರ್ಮಾನಿಸಿ ಬೇರೆ ಕಡೆ ಕಳಿಸುತ್ತಾರೆ. ಬೇಡದವನು ಎಂದು ನೇರವಾಗಿ ಹೇಳದಿರುವುದು ಸರ್ಕಾರದ ದೊಡ್ಡತನ. ಮುಖ್ಯ ಶಿಕ್ಷಕಿ ಗಿರಿಜಮ್ಮ ಮೇಡಂ ನನ್ನನ್ನು ಕರೆದು, ಎಣಿಕೆಯಲ್ಲಿ ಒಂದೇ ಒಂದು ಮಗು ಕಡಿಮೆ ಬೀಳುತ್ತಿದೆ, ಬಿದ್ದರೆ ಹೋಗಬೇಕಾದವರು ನೀವೇ ಎಂದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಮೇಷ್ಟ್ರೇ, ನಿಮ್ಮ ಮನ್ಯಾಗೇ ಒಂದು ಮಗು ಐತಲ್ಲ."

ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಮನೆಗೆ ಬಂದೆ. ಬೇರೆಯವರ ಮನೆಯಲ್ಲಿ ಸರಾಗವಾಗಿ ಹರಿಯುವ ಭಾಷಣ ನನ್ನ ಮನೆಯ ಹೊಸ್ತಿಲಲ್ಲಿ ತಡವರಿಸಿತು. ಶೈಲಾ ಪೂರ್ತಿ ಕೇಳಿದಳು. ಹೆಸರಿಗೆ ಮಾತ್ರ ಸೇರಿಸಿದರೆ ಆಗುವುದಿಲ್ಲವೇನ್ರೀ ಎಂದಳು. ಹಾಜರಿ ಕರೆದಾಗ ನನ್ನ ಬದಲು ಯಾರು ಎದ್ದು ನಿಲ್ಲುತ್ತಾರೆ ಎಂದು ಮಾನ್ಯಾ ಕೇಳಿದಳು. ಅಲ್ಲಿಗೆ ಆ ದಾರಿ ಮುಚ್ಚಿತು. ಕೊನೆಗೆ ಶೈಲಾ, ನಾನು ಒತ್ತಾಯ ಮಾಡುವುದಿಲ್ಲ, ಅವಳನ್ನೇ ಕೇಳಿ ಎಂದಳು. ನಾನು ಮಗಳ ಎದುರು ಕೂತು ಕೇಳಿದೆ. ನಮ್ಮ ಶಾಲೆಯ ಬಯಲು ದೊಡ್ಡದು ಎಂದೆ, ಗೆಳತಿಯರು ಸಿಗುತ್ತಾರೆ ಎಂದೆ, ಬಿಸಿಯೂಟದ ಸಾರು ಮನೆಯದಕ್ಕಿಂತ ರುಚಿ ಎಂದು ಹೆಂಡತಿಯ ಎದುರೇ ಹೇಳಿದೆ. ಮಾನ್ಯಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಅಪ್ಪಾಜಿ, ಅಲ್ಲಿ ಗಣಿತ ಬೇರೆ ಯಾರಾದ್ರೂ ತಗೊಳ್ತಾರಾ?"

ಇಲ್ಲ, ಎಲ್ಲ ದೊಡ್ಡ ಕ್ಲಾಸಿಗೂ ನಾನೇ ಎಂದೆ.

"ಹಂಗಾದ್ರೆ ಬೇಡ."

ನಾನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಪಾಪದ ಹುಡುಗಿ ಒಪ್ಪುತ್ತಿದ್ದಳೇನೋ. ಹೊಟ್ಟೆಯ ಮೇಲಿದ್ದ ಆ ಕೈಯನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. ಅವತ್ತು ಊಟ ಸೇರಲಿಲ್ಲ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಗೊತ್ತಾಗದೆ ಮಂಜಣ್ಣನ ಮೇಲೆ ಮಾಡಿಕೊಂಡೆ.

ಎಣಿಕೆಯಲ್ಲಿ ಆ ಒಂದು ಮಗು ಕಡಿಮೆಯೇ ಬಿತ್ತು, ನಾನು ಹೆಚ್ಚುವರಿಯಾದೆ. ಚನ್ನಗಿರಿ ತಾಲೂಕಿನಲ್ಲಿ ಗಣಿತದ ಜಾಗ ಖಾಲಿ ಇರಲಿಲ್ಲ. ಹೊನ್ನಾಳಿಯಲ್ಲಿದ್ದದ್ದನ್ನೂ ನ್ಯಾಮತಿಯಲ್ಲಿದ್ದದ್ದನ್ನೂ ನನಗಿಂತ ಹಿರಿಯರು ಹಿಡಿದುಕೊಂಡರು. ನನ್ನ ಪಾಲಿಗೆ ಉಳಿದದ್ದು ಜಗಳೂರಿನಿಂದಲೂ ಆಚೆಗಿನ ಒಂದು ಹಳ್ಳಿ. ದಿನಾ ಓಡಾಡುವುದು ಆಗದ ಮಾತು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೇನೆ, ಶನಿವಾರ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗುತ್ತೇನೆ. ಶಾಲೆಗೆ ಹೋಗದ ಮಗಳು ಆರಾಮವಾಗಿ ಮನೆಯಲ್ಲಿದ್ದಾಳೆ, ಶಾಲೆಗೆ ಹೋಗುವ ಅಪ್ಪ ಮನೆ ಬಿಟ್ಟಿದ್ದಾನೆ. ಇಲ್ಲಿನ ಜನ ಒಳ್ಳೆಯವರು. ಮಕ್ಕಳನ್ನು ಕಳಿಸಿ ಎಂದರೆ, ಅಲ್ಲಿಂದ ಇಲ್ಲಿಗೆ ಬಂದೀರಿ, ನಿಮ್ಮ ಮಾತು ಹೆಂಗೆ ತೆಗೆದುಹಾಕಾಕೆ ಆಗ್ತೈತೆ ಎಂದು ಕಳಿಸುತ್ತಾರೆ. ನನ್ನ ಮಗಳು ಯಾವ ಶಾಲೆ ಎಂದು ಇನ್ನೂ ಯಾರೂ ಕೇಳಿಲ್ಲ.

ಕಲಿಕಾ ಸಂಗಾತಿಯ ಹುದ್ದೆಗೆ ಮಾತ್ರ ವರ್ಗಾವಣೆ ಇಲ್ಲ. ಸಂಜೆ ಶಾಲೆಯಿಂದ ಬಂದು, ಸಕ್ಕರೆ ಡಬ್ಬಿಗೆ ಮೊಬೈಲ್ ಆನಿಸಿ ಕೂರುತ್ತೇನೆ. ಆ ಕಡೆ ಮಾನ್ಯಾ ಪುಸ್ತಕ ಹಿಡಿದು ಕೂರುತ್ತಾಳೆ. ಅವಳು ತಪ್ಪು ಮಾಡುವುದು ನನಗೆ ಕಾಣುತ್ತದೆ, ಪೆನ್ಸಿಲ್ ಕಿತ್ತುಕೊಳ್ಳಲು ಕೈ ನಿಲುಕುವುದಿಲ್ಲ. ಗಟ್ಟಿಯಾಗಿ ಕೂಗಿದರೆ ಪಕ್ಕದ ರೂಮಿನ ಕಂಡಕ್ಟರು ಎದ್ದು ಬರುತ್ತಾನೆ, ಬೆಳಗಿನ ಬಸ್ಸಿಗೆ ಹೋಗುವವನು. ಆದ್ದರಿಂದ ಅವಳು ಒರೆಸಿ, ಮತ್ತೆ ಬರೆದು, ಮತ್ತೆ ಒರೆಸುವವರೆಗೂ ಸುಮ್ಮನೆ ನೋಡುತ್ತ ಕೂರುವುದನ್ನು ಕಲಿತಿದ್ದೇನೆ. ಮೊನ್ನೆ ಒಂದು ಕಷ್ಟದ ಲೆಕ್ಕವನ್ನು ತಾನೇ ಬಿಡಿಸಿ ತಲೆಯೆತ್ತಿದವಳು, ಅಪ್ಪಾಜಿ, ಈಗೀಗ ನೀನು ಚೆನ್ನಾಗಿ ಹೇಳಿಕೊಡ್ತೀಯ ಎಂದಳು. ನನ್ನ ಸರ್ವಿಸಿನಲ್ಲಿ ಒಬ್ಬ ವಿದ್ಯಾರ್ಥಿ ಎದುರಿಗೇ ಹೊಗಳಿದ್ದು ಅದೇ ಮೊದಲು. ಇನ್ನಷ್ಟು ಹೊಗಳಿಕೆ ಕೇಳುವ ಆಸೆಯಾಗಿ, ಮೊದಲಿಗೂ ಈಗಿಗೂ ನನ್ನಲ್ಲಿ ಏನು ಬದಲಾಗಿದೆ ಎಂದು ಕೇಳಿದೆ. ಮಾನ್ಯಾ ಪೆನ್ಸಿಲ್ ಕಚ್ಚಿಕೊಂಡು ಪ್ರಾಮಾಣಿಕವಾಗಿ ಯೋಚಿಸಿದಳು.

"ಏನೂ ಇಲ್ಲ. ದೂರ ಇದೀಯಲ್ಲ, ಅದಕ್ಕೆ."

ನೆಟ್‌ವರ್ಕ್ ಹೋಗ್ತಾ ಇದೆ ಕಣಮ್ಮ ಎಂದು ಹೇಳಿ ಕ್ಯಾಮೆರಾ ಆರಿಸಿದೆ. ನೆಟ್‌ವರ್ಕ್ ಪೂರ್ತಿ ಇತ್ತು.